ಹಟ್ಟಿಯ ಹಸುವಿಗೆ ಖನಿಜ ಮಿಶ್ರಣ, ಮನೆಯ ಬಾಣಂತಿಗೆ ಏನು?

ಕಳೆದ ತಿಂಗಳ ಒಂದು ಶುಕ್ರವಾರ ಜುಮಾ ಖುತ್ಬಾದ ವಿಷಯ ಮೂಕಪ್ರಾಣಿಗಳ ಹಕ್ಕು. ಹೊಟ್ಟೆ ಬೆನ್ನಿಗಂಟಿದ್ದ ಒಂಟೆಯನ್ನು ಕಂಡ ಪ್ರವಾದಿಯವರು (ಸ), ಈ ಮೂಕಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಿರೆಂದು ಅದರ ಒಡೆಯರನ್ನು ಎಚ್ಚರಿಸಿದ ಘಟನೆಯನ್ನು ಖತೀಬರು ವಿವರಿಸಿದ್ದರು. ನಮಾಝ್ ಮುಗಿದು ಮಸೀದಿಯ ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ, ಕಡಬ ಕಡೆಯ ಹಿರಿಯರೊಬ್ಬರು ಖತೀಬರನ್ನು ನಿಲ್ಲಿಸಿ ಕೇಳಿದರು:

"ಉಸ್ತಾದರೇ, ನಮ್ಮ ಹಸುವಿನ ಹೊಟ್ಟೆ ಯಾವತ್ತೂ ಬೆನ್ನಿಗಂಟಿಲ್ಲ. ಎರಡು ಹೊತ್ತು ಬೈಹುಲ್ಲು, ತೌಡು, ಹಿಂಡಿ ಎಲ್ಲ ಹಾಕುತ್ತೇವೆ. ಆದರೂ ಕರು ಹಾಕಿದ ಮರುದಿನ ಬಿದ್ದದ್ದು ಏಳಲೇ ಇಲ್ಲ. ಡಾಕ್ಟರು ಬಂದು ಬಾಟ್ಲಿ ಹಾಕಿದ ಮೇಲೆ ಎದ್ದಿತು. ಕ್ಯಾಲ್ಸಿಯಂ ಇಲ್ಲ ಅಂದರು. ಹೊಟ್ಟೆ ತುಂಬಿದ ಮೇಲೂ ಇದು ಎಂತಹ ಹಸಿವು?"

ಉಸ್ತಾದರು ನಗುತ್ತಾ ನಮ್ಮತ್ತ ಕೈ ತೋರಿಸಿದರು. "ಇದು ಪತ್ರಿಕೆಯವರಿಗೆ ಇರಲಿ" ಎಂದರು. ಆ ಪ್ರಶ್ನೆಯ ಬೆನ್ನು ಹತ್ತಿ ನಾವು ಆ ಹಿರಿಯರ ಮನೆಗೂ ಹೋದೆವು. ಹಟ್ಟಿಯ ಗೋಡೆಗೆ ತೂಗು ಹಾಕಿದ್ದ ಚೀಲದಲ್ಲಿ ಹಾಲಿನ ಸೊಸೈಟಿಯಿಂದ ತಂದ ಖನಿಜ ಮಿಶ್ರಣವಿತ್ತು. ಈಗ ದಿನವೂ ತಪ್ಪದೆ ಹಸುವಿಗೆ ಹಾಕುತ್ತಾರಂತೆ. ಒಳಗೆ ಚಹಾ ಕುಡಿಯುವಾಗ ಇನ್ನೊಂದು ವಿಷಯ ತಿಳಿಯಿತು. ಹೆರಿಗೆಯಾಗಿ ಎರಡು ತಿಂಗಳಾದ ಸೊಸೆಯ ಹಿಮೋಗ್ಲೋಬಿನ್ ಎಂಟಕ್ಕಿಳಿದಿದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಗಳು ಕಪಾಟಿನ ಮೇಲೆ ಒಡೆಯದೆ ಇವೆ. "ತಿಂದರೆ ವಾಂತಿ ಬಂದ ಹಾಗಾಗುತ್ತದೆ, ಬಾಣಂತಿಗೆ ಉಷ್ಣ ಬೇರೆ" ಎಂದರು ಮನೆಯ ಉಮ್ಮ. ಹಸುವಿನದ್ದೂ ಸೊಸೆಯದ್ದೂ ಒಂದೇ ಜಾತಿಯ ಹಸಿವು ಎಂದು ಆ ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಯ ತನಕ ನಾವೂ ಆ ಕಡೆ ಯೋಚಿಸಿದವರಲ್ಲ.

ಅನ್ನ, ಹುಲ್ಲು, ಹಿಂಡಿ ಇವೆಲ್ಲ ಶಕ್ತಿ ಕೊಡುತ್ತವೆ, ಮೈ ಬೆಳೆಸುತ್ತವೆ. ಇವಲ್ಲದೆ ಅತಿ ಸಣ್ಣ ಪ್ರಮಾಣದಲ್ಲಿ ಬೇಕಾದ ಎರಡು ಗುಂಪುಗಳಿವೆ. ಒಂದು ವಿಟಮಿನ್‌ಗಳು. ಇವನ್ನು ಸಸ್ಯಗಳು, ಪ್ರಾಣಿಗಳು, ಸೂಕ್ಷ್ಮಜೀವಿಗಳು ತಯಾರಿಸುತ್ತವೆ. ಇನ್ನೊಂದು ಖನಿಜಗಳು. ಇವನ್ನು ಯಾವ ಜೀವಿಯೂ ತಯಾರಿಸಲಾರದು. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ನಮಗೆ ಬರಬೇಕು. ಮಣ್ಣಿನಲ್ಲಿ ಇಲ್ಲದ್ದು ಹುಲ್ಲಿನಲ್ಲಿಯೂ ಇರುವುದಿಲ್ಲ.

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳ ಮಣ್ಣು ಬಹುಪಾಲು ಮುರಕಲ್ಲಿನ ಹುಳಿ ಮಣ್ಣು. ಘಟ್ಟದ ತಪ್ಪಲಿನ ಮಳೆ ವರ್ಷ ವರ್ಷವೂ ಈ ಮಣ್ಣಿನ ಸುಣ್ಣದ ಅಂಶವನ್ನು ತೊಳೆದು ಹೊಳೆಗೆ ಒಯ್ಯುತ್ತದೆ. ಇರುವ ರಂಜಕವನ್ನು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ತೋಟಕ್ಕೆ ಸುಣ್ಣ ಹಾಕಿರೆಂದು ಕೃಷಿ ಇಲಾಖೆಯವರು ಹೇಳುತ್ತಿರುವುದು ಇದಕ್ಕೇ. ತೋಟಕ್ಕೆ ಸುಣ್ಣ ಬೇಕಾದ ನೆಲದಲ್ಲಿ ಆ ನೆಲದ ಹುಲ್ಲು ತಿನ್ನುವ ಹಸುವಿಗೆ ಬೇಡವೇ? ಹಟ್ಟಿಯ ಹಸು ಬಟ್ಟೆ ಅಗಿಯುವುದು, ಮಣ್ಣು ನೆಕ್ಕುವುದು, ಎಲುಬು ಕಚ್ಚುವುದು ಮಾಡಿದರೆ ಅದು ಕೆಟ್ಟ ಚಾಳಿಯಲ್ಲ. ಹೆಚ್ಚಾಗಿ ರಂಜಕದ ಕೊರತೆ.

ಬೈಹುಲ್ಲಿನ ಲೆಕ್ಕ ಬೇರೆಯೇ ಇದೆ. ಅದು ಹೊಟ್ಟೆ ತುಂಬಿಸುತ್ತದೆ, ಮೆಲುಕು ಹಾಕಿಸುತ್ತದೆ. ಆದರೆ ರಂಜಕ ತೀರಾ ಕಡಿಮೆ, ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕಿ ಪೂರ್ತಿ ದಕ್ಕಗೊಡುವುದಿಲ್ಲ. ಅಡಿಕೆ ಹಾಳೆಯನ್ನು ಕೊಚ್ಚಿ ಹಾಕುವವರೂ ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಬೇಸಿಗೆಯಲ್ಲಿ ಒಳ್ಳೆಯ ಉಪಾಯವೇ. ಆದರೆ ಅದೂ ಬೈಹುಲ್ಲಿನ ಹಾಗೆ ಹೊಟ್ಟೆಗೆ ಆಧಾರ ಮಾತ್ರ.

ಹಸು ಬಿದ್ದದ್ದು ಏಕೆ?

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕರು ಹಾಕಿದೊಡನೆ ಬರುವ ಗಿಣ್ಣುಹಾಲಿನಲ್ಲಿ ಅದರ ಎರಡು ಪಾಲಿನ ಹತ್ತಿರ. ಮಿಶ್ರತಳಿ ಹಸುವೊಂದು ಮೊದಲ ದಿನ ಹತ್ತು ಲೀಟರ್ ಕೊಟ್ಟರೆ 20 ಗ್ರಾಂನಷ್ಟು ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದುಹೋಯಿತು. ಅದೇ ಹಸುವಿನ ರಕ್ತದ ದ್ರವಭಾಗದಲ್ಲಿ ಒಂದು ಹೊತ್ತಿಗೆ ಇರುವುದು ಹೆಚ್ಚೆಂದರೆ ಮೂರು ಗ್ರಾಂ. ಉಳಿದದ್ದನ್ನು ಎಲುಬಿನಿಂದ ಮತ್ತು ಕರುಳಿನಿಂದ ಆ ಕ್ಷಣವೇ ಎಳೆದು ತರಬೇಕು. ತರುವುದು ತಡವಾದರೆ ಸ್ನಾಯುಗಳು ಸೋಲುತ್ತವೆ. ಕಿವಿ ತಣ್ಣಗಾಗುತ್ತದೆ, ಹಸು ಕುಸಿದು ಕುಳಿತು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಇದನ್ನೇ ಹಾಲುಜ್ವರ ಎನ್ನುವುದು. ಹೆಸರು ಜ್ವರವಾದರೂ ಮೈ ಬಿಸಿ ಇರುವುದಿಲ್ಲ, ತಣ್ಣಗಿರುತ್ತದೆ. ಹೆಚ್ಚಾಗಿ ಕರು ಹಾಕಿದ ಮೂರು ದಿನಗಳೊಳಗೆ ಬರುತ್ತದೆ. ವೈದ್ಯರು ಕ್ಯಾಲ್ಸಿಯಂ ದ್ರಾವಣವನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರೆ ಸತ್ತಂತೆ ಬಿದ್ದಿದ್ದ ಹಸು ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ತಡ ಮಾಡಿದರೆ ಸಾಯುತ್ತದೆ. ಗಂಟಲಿಗೆ ಕಷಾಯ ಹೊಯ್ಯಲು ಹೋಗಬೇಡಿ. ಆ ಸ್ಥಿತಿಯಲ್ಲಿ ಹಸು ಸರಿಯಾಗಿ ನುಂಗಲಾರದು, ಕಷಾಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ಇಲ್ಲಿ ಒಂದು ವಿಚಿತ್ರವಿದೆ. ಕೊರತೆ ಕ್ಯಾಲ್ಸಿಯಂನದ್ದಾದರೆ ಗಬ್ಬದ ಕೊನೆಯ ತಿಂಗಳಲ್ಲೇ ಬಾಟ್ಲಿಗಟ್ಟಲೆ ಕುಡಿಸಿಬಿಡೋಣ ಎಂದು ತೋರುತ್ತದೆ. ಹಲವರು ಹಾಗೆಯೇ ಮಾಡುತ್ತಾರೆ. ಆದರೆ ಹೊರಗಿನಿಂದ ಧಾರಾಳ ಸಿಗುವಾಗ ಎಲುಬಿನಿಂದ ಎಳೆದು ತರುವ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಕರು ಹಾಕಿದ ದಿನ ಅದನ್ನು ಎಬ್ಬಿಸುವಷ್ಟರಲ್ಲಿ ಹಸು ಬಿದ್ದಿರುತ್ತದೆ. ಆದ್ದರಿಂದ ಆ ತಿಂಗಳಲ್ಲಿ ಕ್ಯಾಲ್ಸಿಯಂ ಟಾನಿಕ್ ವೈದ್ಯರು ಹೇಳಿದರೆ ಮಾತ್ರ. ಕರು ಹಾಕಿದ ಮೇಲೆ ಧಾರಾಳ ಕೊಡಿ. ಹಾಲು ಕೊಡುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಒಂದು ಹಿಡಿ ಉಪ್ಪು.

ಊರ ದನ ಸಾಕುವವರು, ನಮ್ಮ ಹಸುವಿಗೆ ಇಂಥದ್ದೆಲ್ಲ ಬಂದದ್ದೇ ಇಲ್ಲ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಮಲೆನಾಡು ಗಿಡ್ಡದ ಮೈ ಸಣ್ಣದು, ಹಾಲು ಒಂದೆರಡು ಲೀಟರ್. ಈ ಮಣ್ಣಿನ ಹುಲ್ಲಿಗೆ ಹೊಂದಿಕೊಂಡೇ ಬಂದ ತಳಿ ಅದು, ಗುಡ್ಡದಲ್ಲಿ ಹತ್ತು ಬಗೆಯ ಸೊಪ್ಪು ತಿನ್ನುತ್ತದೆ. ಕಡಬ ತಾಲೂಕಿನ ಕೊಯಿಲದ ಸರಕಾರಿ ಜಾನುವಾರು ಸಂವರ್ಧನಾ ಕೇಂದ್ರದಲ್ಲಿ ಈ ತಳಿಯನ್ನು ಸಾಕುತ್ತಾರೆ. ಜರ್ಸಿ, ಎಚ್‌ಎಫ್ ತಂದು ಹತ್ತು ಹದಿನೈದು ಲೀಟರ್ ಕರೆಯುವವರು ಗಿಡ್ಡದ ಮೇವಿನ ಲೆಕ್ಕ ಹಿಡಿದರೆ ಆಗುವುದಿಲ್ಲ.

ನಾವು ಚೆಲ್ಲುವ ತಿಳಿ

ವಿಟಮಿನ್ ಎಂಬುದು ಇದೆಯೆಂದು ಮನುಷ್ಯನಿಗೆ ಗೊತ್ತಾದದ್ದರಲ್ಲಿ ಕೋಳಿಗಳ ಪಾಲಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಶ್ಚಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಅವರ ಪ್ರಯೋಗದ ಕೋಳಿಗಳಿಗೆ ಬೆರಿಬೆರಿಯಂತೆಯೇ ಕಾಲು ಸೋತವು, ಕೆಲ ಕಾಲದ ಬಳಿಕ ತಾವಾಗಿಯೇ ಗುಣವಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವ, ಮಿಲಿಟರಿಯ ಅನ್ನ ಹೊರಗಿನ ಕೋಳಿಗಳಿಗೆ ಕೊಡುವುದಿಲ್ಲವೆಂದು ಹಠ ಹಿಡಿದ. ಅಂದಿನಿಂದ ತೌಡು ತೆಗೆಯದ ಅಗ್ಗದ ಅಕ್ಕಿ ಹಾಕಿದರು, ಕೋಳಿಗಳು ಎದ್ದು ನಡೆದವು. ತೌಡಿನಲ್ಲಿದ್ದದ್ದು ಇಂದು ನಾವು ಬಿ1 ಎನ್ನುವ ಥಯಾಮಿನ್. 1912ರಲ್ಲಿ ಕಾಸಿಮಿರ್ ಫಂಕ್ ಇಂಥ ಅಂಶಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟರು. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು.

ಈ ಕತೆ ಕೇಳಿದರೆ ನಮ್ಮ ಕುಚ್ಚಲಕ್ಕಿಯ ಬೆಲೆ ತಿಳಿಯುತ್ತದೆ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಬಿ ಗುಂಪಿನ ವಿಟಮಿನ್‌ಗಳು ಕಾಳಿನೊಳಕ್ಕೆ ಇಳಿಯುತ್ತವೆ, ಆಮೇಲೆ ಮಿಲ್ಲಿನಲ್ಲಿ ತೌಡು ತೆಗೆದರೂ ಒಂದಷ್ಟು ಉಳಿದಿರುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ ಅದಿಲ್ಲ. ಆದರೆ ನಾವು ಮಾಡುವುದೇನು? ಅನ್ನ ಬೆಂದ ಮೇಲೆ ತಿಳಿ ಬಸಿದು, ಅಕ್ಕಚ್ಚಿನ ಬಾಲ್ದಿಗೆ ಹೊಯ್ದು ಹಸುವಿಗೆ ಕೊಡುತ್ತೇವೆ. ನೀರಿನಲ್ಲಿ ಕರಗುವ ವಿಟಮಿನ್‌ಗಳಲ್ಲಿ ದೊಡ್ಡ ಪಾಲು ಆ ತಿಳಿಯೊಡನೆ ಹೋಯಿತು. ತಮಾಷೆಯೆಂದರೆ ಹಸುವಿಗೆ ಅದರ ಅಗತ್ಯವೇ ಇಲ್ಲ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ ಗುಂಪಿನ ಎಲ್ಲ ವಿಟಮಿನ್‌ಗಳನ್ನೂ ಕೆ ವಿಟಮಿನ್ನನ್ನೂ ತಾವೇ ತಯಾರಿಸುತ್ತವೆ. ಬಿ12ಕ್ಕೆ ಕೋಬಾಲ್ಟ್ ಎಂಬ ಖನಿಜ ಚಿಟಿಕೆಗಿಂತ ಕಡಿಮೆ ಸಿಕ್ಕರೆ ಸಾಕು. ಸಿ ವಿಟಮಿನ್ನನ್ನು ಹಸು, ಆಡುಗಳ ಪಿತ್ತಕೋಶದ ಪಕ್ಕದ ಯಕೃತ್ತೇ ತಯಾರಿಸುತ್ತದೆ. ಲಿಂಬೆ, ನೆಲ್ಲಿಕಾಯಿ ಹುಡುಕಬೇಕಾದವರು ನಾವು ಮತ್ತು ಮಂಗಗಳು.

ಗಂಜಿ ಊಟವಾದರೆ ತಿಳಿ ಸಹಿತ ಉಣ್ಣುವುದರಿಂದ ನಷ್ಟವಿಲ್ಲ. ಹಿಂದಿನವರು ಬೆಳಗ್ಗೆ ಗಂಜಿ ಉಂಡದ್ದು ಬಡತನದಿಂದ ಇರಬಹುದು, ಆದರೆ ಆ ಬಟ್ಟಲಿನಲ್ಲಿ ಇಂದಿನ ಪರೋಟಕ್ಕಿಂತ ಹೆಚ್ಚಿನದ್ದಿತ್ತು.

ಹಸುವಿನಿಂದ ನಮಗೆ ಬರುವ ಇನ್ನೊಂದು ಎ ವಿಟಮಿನ್. ಹಸಿರು ಹುಲ್ಲಿನ ಕ್ಯಾರೊಟಿನ್ ಹಸುವಿನ ಮೈಯಲ್ಲಿ ಎ ವಿಟಮಿನ್ ಆಗುತ್ತದೆ. ಒಂದಷ್ಟು ಹಾಗೆಯೇ ಹಾಲಿಗೆ ಬಂದು ತುಪ್ಪಕ್ಕೆ ಹಳದಿ ಬಣ್ಣ ಕೊಡುತ್ತದೆ. ಎಮ್ಮೆ ಹೆಚ್ಚುಕಡಿಮೆ ಪೂರ್ತಿ ಪರಿವರ್ತಿಸುವುದರಿಂದ ಅದರ ತುಪ್ಪ ಬಿಳಿ. ಬೇಸಿಗೆಯಲ್ಲಿ ಒಣಹುಲ್ಲು ಮಾತ್ರ ತಿಂದ ಹಸುವಿನ ತುಪ್ಪ ಬಿಳಿಚಿಕೊಂಡರೆ ಅದರರ್ಥ ಕಲಬೆರಕೆ ಎಂದೇ ಅಲ್ಲ, ಹಸುವಿಗೆ ಹಸಿರು ಸಿಕ್ಕಿಲ್ಲವೆಂದೂ ಇರಬಹುದು.

ಬಕ್ರೀದಿನ ಆಡು

ಉಳ್‌ಹಿಯ್ಯತ್‌ಗೆಂದು ಎರಡು ಮೂರು ತಿಂಗಳು ಮುಂಚೆಯೇ ಆಡು ತಂದು ಕಟ್ಟುವವರು ನಮ್ಮಲ್ಲಿ ಬಹಳ ಮಂದಿ. ಕೊಬ್ಬಲಿ ಎಂದು ತೌಡು, ಅನ್ನ, ಉಳಿದ ತಿಂಡಿ ಧಾರಾಳ ಹಾಕುತ್ತಾರೆ. ನಾವೂ ಒಂದು ವರ್ಷ ಹಾಗೆಯೇ ಮಾಡಿದೆವು. ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಆಡು ಕಾಲು ಚಾಚಿ ನಿಂತು ಕೂಗತೊಡಗಿತು. ಹೊಟ್ಟೆ ಕಟ್ಟಿದೆಯೆಂದು ಎಣ್ಣೆ ಕುಡಿಸಿದೆವು. ಮರುದಿನ ಸತ್ತಿತು. ಕಟ್ಟಿದ್ದು ಹೊಟ್ಟೆಯಲ್ಲ, ಮೂತ್ರ.

ತೌಡಿನಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು. ಮೇವಿನಲ್ಲಿ ಇರಬೇಕಾದದ್ದು ಇದರ ತಿರುವುಮುರುವು, ರಂಜಕ ಒಂದು ಪಾಲಾದರೆ ಕ್ಯಾಲ್ಸಿಯಂ ಎರಡು ಪಾಲು. ಹೆಚ್ಚಾದ ರಂಜಕ ಮೂತ್ರದಲ್ಲಿ ಹರಳುಗಟ್ಟುತ್ತದೆ. ಗಂಡು ಆಡಿನ ಮೂತ್ರನಾಳ ಸಪೂರ, ಬೀಜ ಒಡೆದ ಆಡಿನದ್ದು ಇನ್ನೂ ಸಪೂರ. ಹರಳು ಅಲ್ಲಿ ಸಿಕ್ಕಿಕೊಂಡರೆ ಮೂತ್ರಕೋಶ ಒಡೆಯುತ್ತದೆ. ಬೈಹುಲ್ಲು ತಿನ್ನುವ ಹಸುವಿಗೆ ಕಡಿಮೆಯಾಗಿ ತೊಂದರೆ ಕೊಡುವ ರಂಜಕವೇ ತೌಡು ತಿನ್ನುವ ಆಡಿಗೆ ಹೆಚ್ಚಾಗಿ ತೊಂದರೆ ಕೊಡುತ್ತದೆ. ಮೂತ್ರ ತೊಟ್ಟು ತೊಟ್ಟಾಗಿ ಬರುವುದು, ಬಾಲ ಅಲ್ಲಾಡಿಸುತ್ತಾ ಮುಕ್ಕುವುದು ಕಂಡರೆ ಆ ಗಳಿಗೆಯಲ್ಲೇ ವೈದ್ಯರಿಗೆ ತಿಳಿಸಬೇಕು. ಮೊದಲಿನಿಂದಲೂ ಹಲಸಿನ ಸೊಪ್ಪು, ಮರದ ಸೊಪ್ಪು ಹೆಚ್ಚು, ತೌಡು ಕಡಿಮೆ, ಉಪ್ಪು, ಕುಡಿಯಲು ಶುದ್ಧ ನೀರು ಇಟ್ಟರೆ ಈ ಅಪಾಯ ದೂರ. ಒಮ್ಮೆಲೇ ಅನ್ನ, ಕಾಳು ಹೆಚ್ಚು ತಿಂದ ಆಡಿನ ಹೊಟ್ಟೆ ಹುಳಿಯಾಗಿ, ಒಳಗಿನ ಸೂಕ್ಷ್ಮಜೀವಿಗಳು ಕೆಟ್ಟು, ಥಯಾಮಿನ್ ಕೊರತೆಯಿಂದ ತಲೆ ಮೇಲೆತ್ತಿ ಆಕಾಶ ನೋಡುತ್ತಾ ನಿಲ್ಲುವುದೂ ಉಂಟು. ಐಕ್ಮನ್ ಕೋಳಿಗಳಿಗೆ ಇಲ್ಲದೆ ಹೋದ ವಿಟಮಿನ್ನೇ ಅದು.

ಕುರಿ ತರುವವರಿಗೆ ಬೇರೆ ಎಚ್ಚರಿಕೆ. ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಗಳಿಗೆಲ್ಲ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರ. ಅದು ಬುಡದ ಹುಲ್ಲಿನ ಮೇಲೂ ಬೀಳುತ್ತದೆ. ತಾಮ್ರ ಎಲ್ಲ ಪ್ರಾಣಿಗಳಿಗೂ ಸ್ವಲ್ಪ ಬೇಕಾದ ಖನಿಜವೇ. ಹಸು ಸ್ವಲ್ಪ ಹೆಚ್ಚಾದರೂ ತಡೆದುಕೊಳ್ಳುತ್ತದೆ. ಕುರಿ ಹಾಗಲ್ಲ, ಹೆಚ್ಚಾದದ್ದನ್ನು ಯಕೃತ್ತಿನಲ್ಲಿ ಕೂಡಿಡುತ್ತಾ ಹೋಗುತ್ತದೆ. ಒಂದು ದಿನ ಅದು ರಕ್ತಕ್ಕೆ ಬಿಡುಗಡೆಯಾಗಿ ಕಣ್ಣು ಹಳದಿ, ಮೂತ್ರ ಕೆಂಪು, ಒಂದೆರಡು ದಿನದಲ್ಲಿ ಸಾವು. ಬೋರ್ಡೋ ಹೊಡೆದ ತೋಟದ ಹುಲ್ಲನ್ನು ಕುರಿಗೆ ಹಾಕಬೇಡಿ. ಹಸುವಿನ ಖನಿಜ ಮಿಶ್ರಣದಲ್ಲಿಯೂ ತಾಮ್ರವಿದೆ, ಅದನ್ನೂ ಕುರಿಗೆ ಕೊಡಬೇಡಿ.

ಸೊಸೆಯ ಮಾತ್ರೆ

ಇನ್ನು ಆ ಮನೆಯ ಸೊಸೆಯ ವಿಷಯ. ಹೆರುವ ಪ್ರಾಯದ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಗಂಡಸಿಗೆ 19. ನಮ್ಮ ಮಣ್ಣು ಕಬ್ಬಿಣದಿಂದಲೇ ಕೆಂಪಾಗಿದೆ, ಹಸುಗಳಿಗೆ ಕಬ್ಬಿಣದ ಕೊರತೆ ಬರುವುದು ಅಪರೂಪ. ಅದೇ ನೆಲದ ಹೆಂಗಸರ ರಕ್ತದಲ್ಲಿ ಕಬ್ಬಿಣವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1.

ಮೀನು ಮಾಂಸ ತಿನ್ನುವ ನಮಗೆ ಹೇಗೆ ರಕ್ತ ಕಡಿಮೆ ಎಂದು ಕೇಳುವವರಿದ್ದಾರೆ. ಮಾಂಸದ ಕಬ್ಬಿಣ ಚೆನ್ನಾಗಿ ದಕ್ಕುತ್ತದೆ, ನಿಜ. ಆದರೆ ಎಷ್ಟು ಮನೆಗಳಲ್ಲಿ ದಿನವೂ ಮಾಂಸವಿದೆ? ಇದ್ದರೂ ಕೊನೆಯಲ್ಲಿ ಉಣ್ಣುವ ಹೆಂಗಸಿನ ಬಟ್ಟಲಿಗೆ ಉಳಿಯುವುದು ಹೆಚ್ಚಾಗಿ ಸಾರು. ಅನ್ನ, ಸೊಪ್ಪು, ಬೇಳೆಯ ಕಬ್ಬಿಣದಲ್ಲಿ ನೂರಕ್ಕೆ ಹತ್ತು ಪಾಲೂ ಮೈಗೆ ಹತ್ತುವುದಿಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನೂ ಕಟ್ಟಿಹಾಕುತ್ತದೆ. ಮದುವೆ ಮನೆಯ ಸುಲೈಮಾನಿ ಕೂಡ ಚಹಾವೇ. ಒಂದು ಗಂಟೆ ಬಿಟ್ಟು ಕುಡಿಯಿರಿ. ಅದರ ಬದಲು ಊಟದ ಜೊತೆ ಲಿಂಬೆ, ನೆಲ್ಲಿಕಾಯಿ, ಪೇರಳೆ ಇದ್ದರೆ ದಕ್ಕುವ ಪಾಲು ಹೆಚ್ಚುತ್ತದೆ. ತೋಟದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಮಕ್ಕಳಿಗೆ ಬೇಡವೆನ್ನಬೇಡಿ.

ಗರ್ಭಿಣಿಗೆ ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ. ರಕ್ತ ಈಗಾಗಲೇ ಕಡಿಮೆಯಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮಲ ಕಪ್ಪಾಗುವುದು ಮಾತ್ರೆಯ ಗುಣ, ಹೆದರಬೇಕಿಲ್ಲ. ವಾಕರಿಕೆ ಬರುವವರು ರಾತ್ರಿ ಊಟವಾದ ಮೇಲೆ ಮಲಗುವ ಮುಂಚೆ ತೆಗೆದುಕೊಂಡರೆ ಬಹುಮಟ್ಟಿಗೆ ತಡೆಯುತ್ತದೆ. ಅದರ ಜೊತೆ ಕ್ಯಾಲ್ಸಿಯಂ ಮಾತ್ರೆ ಬೇಡ. ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ದಕ್ಕಗೊಡುವುದಿಲ್ಲ. ಕ್ಯಾಲ್ಸಿಯಂ 500 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, ಬೆಳಗ್ಗೆ ಮತ್ತು ಮಧ್ಯಾಹ್ನದ ಊಟದೊಂದಿಗೆ, ಗರ್ಭದ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ. ಹಸುವಿಗೆ ಹೇಳಿದ, ಕೊನೆಯ ತಿಂಗಳಲ್ಲಿ ಕ್ಯಾಲ್ಸಿಯಂ ಹಿಡಿತದಲ್ಲಿರಲಿ ಎಂಬ ಮಾತು ಹೆಂಗಸರಿಗೆ ಅನ್ವಯಿಸುವುದಿಲ್ಲ. ಹೆಂಗಸಿನ ಹಾಲು ದಿನಕ್ಕೆ ಮುಕ್ಕಾಲು ಲೀಟರಿನಷ್ಟು, ಹಸುವಿನ ಹಾಗೆ ಒಂದೇ ದಿನ ಹೊಳೆಯಾಗಿ ಹರಿಯುವುದಿಲ್ಲ.

ರಮಝಾನಿನಲ್ಲಿ ಉಪವಾಸ ಹಿಡಿಯುವವರು ಹೇಗೆ ಎಂದು ಕೆಲವರು ಕೇಳಿದ್ದಾರೆ. ಇಫ್ತಾರ್ ಮುಗಿದು ರಾತ್ರಿ ಕಬ್ಬಿಣ, ಅತ್ತಾಳಕ್ಕೆ ಕ್ಯಾಲ್ಸಿಯಂ ಎಂದು ಹೊಂದಿಸಿಕೊಳ್ಳಬಹುದು. ಗರ್ಭಿಣಿ, ಬಾಣಂತಿಯರು ಉಪವಾಸ ಬಿಡಲು ಇರುವ ರಿಯಾಯಿತಿಯ ಬಗ್ಗೆ ನಿಮ್ಮ ಮಹಲ್ಲಿನ ಉಸ್ತಾದರಲ್ಲಿಯೂ ವೈದ್ಯರಲ್ಲಿಯೂ ಕೇಳಿ. ಜಿಲೆಟಿನ್ ಕ್ಯಾಪ್ಸೂಲಿನ ಸಂಶಯದಿಂದ ಎಲ್ಲ ಮಾತ್ರೆಯನ್ನೂ ಬಿಟ್ಟವರನ್ನು ನೋಡಿದ್ದೇವೆ. ಆಶಾ ಕಾರ್ಯಕರ್ತೆಯರು ತರುವುದು ಮಾತ್ರೆ, ಕ್ಯಾಪ್ಸೂಲ್ ಅಲ್ಲ.

ಬಾಣಂತಿಗೆ ಸೊಪ್ಪು ನಂಜು, ಮೀನು ನಂಜು ಎಂಬ ಮಾತಿನ ಜೊತೆ ನಾವು ಜಗಳಕ್ಕೆ ಹೋಗುವುದಿಲ್ಲ, ಹೋದರೂ ಉಮ್ಮಂದಿರ ಮುಂದೆ ಗೆಲ್ಲುವುದು ಕಷ್ಟ. ಆದರೆ ನಲವತ್ತು ದಿನವೂ ಅನ್ನ, ಕರಿಮೆಣಸಿನ ಸಾರು ಮಾತ್ರವಾದರೆ ಬಾಣಂತಿಯ ಎಲುಬಿನಿಂದಲೇ ಮಗುವಿನ ಎಲುಬು ಬೆಳೆಯುತ್ತದೆ. ನುಗ್ಗೆ ಸೊಪ್ಪು ಕೊಡಿ, ಕ್ಯಾಲ್ಸಿಯಂ, ಕಬ್ಬಿಣ, ಕ್ಯಾರೊಟಿನ್ ಮೂರೂ ಅದರಲ್ಲಿವೆ. ಬಸಳೆ, ಹರಿವೆಯಲ್ಲಿ ಕ್ಯಾಲ್ಸಿಯಂ ಇದ್ದರೂ ಬೈಹುಲ್ಲಿನದ್ದೇ ಆಕ್ಸಲೇಟ್ ಅಡ್ಡ ಬರುತ್ತದೆ. ಬೂತಾಯಿಯನ್ನು ಎಲುಬು ಮೆತ್ತಗಾಗುವಂತೆ ಬೇಯಿಸಿ ಎಲುಬು ಸಹಿತ ತಿಂದರೆ ಕ್ಯಾಲ್ಸಿಯಂ, ಡಿ, ಬಿ12 ಒಟ್ಟಿಗೆ ಬರುತ್ತವೆ. ಆಡಿನ ಲಿವರ್ ಬಾಣಂತಿಗೆ ಒಳ್ಳೆಯದು. ಗರ್ಭಿಣಿಯರಿಗೆ ಮಾತ್ರ ಅದು ಹೆಚ್ಚಾಗಬಾರದು. ಲಿವರಿನಲ್ಲಿ ಕೂಡಿರುವ ಎ ವಿಟಮಿನ್ ಮಿತಿ ಮೀರಿದರೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಮಗುವಿನ ಬೆಳವಣಿಗೆಗೆ ತೊಂದರೆ. ಬಕ್ರೀದಿನ ವಾರ ಇದನ್ನು ನೆನಪಿಡಿ.

ಕೊನೆಯದಾಗಿ ಸೊಸೈಟಿ ಅಕ್ಕಿ. ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆಂದು ಬಣ್ಣ ಬೇರೆಯಿರುವ ಕಾಳುಗಳನ್ನು ಹೆಕ್ಕಿ ಎಸೆಯುವವರನ್ನು ಮೂರೂ ತಾಲೂಕಿನಲ್ಲಿ ಕಂಡಿದ್ದೇವೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹುಡಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮತ್ತೆ ಅಕ್ಕಿಯ ಆಕಾರಕ್ಕೆ ತಂದ ಕಾಳು, ನೂರು ಕಾಳಿಗೆ ಒಂದರಂತೆ ಬೆರೆಸಿದ್ದು. ತೊಳೆಯುವಾಗ ಕೆಲವು ತೇಲುತ್ತವೆ. ಥಲಸ್ಸೇಮಿಯಾದಂತಹ ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು. ಉಳಿದವರು ಹೆಕ್ಕಿ ಎಸೆದರೆ ಎಸೆದದ್ದು ಮನೆಯ ಹೆಂಗಸರ ಪಾಲಿನ ಕಬ್ಬಿಣ.

ನಾವು ಮೊನ್ನೆ ಪುತ್ತೂರಿನ ಸೋಮವಾರದ ಸಂತೆಯಲ್ಲಿ ಆ ಹಿರಿಯರನ್ನು ಮತ್ತೆ ಕಂಡೆವು. ಸೊಸೆ ಮಾತ್ರೆ ಶುರು ಮಾಡಿದ್ದಾಳೆ, ರಾತ್ರಿ ತಿಂದರೆ ವಾಂತಿ ಇಲ್ಲ ಎಂದರು. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಬರಲು ಹೇಳಿದ್ದಾರಂತೆ. ಕೈಯಲ್ಲಿ ಒಂದು ಕಟ್ಟು ನುಗ್ಗೆ ಸೊಪ್ಪಿತ್ತು. ಹಸು ಎಂಟು ಲೀಟರ್ ಕೊಡುತ್ತಿದೆಯಂತೆ.